ರೇಟ್ 18, ವರುಣಾ ಕೆರೆ, ಮಂಡ್ಯದ ಹುಡುಗರು

ಹೋದ ಸೀಸನ್‌ನಲ್ಲಿ ನಮ್ಮ ಕಾಲೇಜಿನ ಕಾಕ್ಸ್‌ಲೆಸ್ ಫೋರ್ (ದಾರಿ ಹೇಳುವವನಿಲ್ಲದೆ ನಾಲ್ವರೇ ಹುಟ್ಟು ಹಾಕುವ ರೋಯಿಂಗ್ ದೋಣಿ) ರಾಜ್ಯ ಮಟ್ಟದಲ್ಲಿ ಪದಕ ಹೊಡೆಯಿತು. ಅದಕ್ಕೇ ರೇಟ್ 18ರ, ಅಂದರೆ ನಿಮಿಷಕ್ಕೆ ಹದಿನೆಂಟೇ ಸಲ ಹುಟ್ಟು ಎಳೆಸುವ ನನ್ನ ನಿಧಾನದ ತರಬೇತಿಯ ಬಗ್ಗೆ ಈಗ ಬರೆಯುತ್ತಿದ್ದೇನೆ. "ಇವನ ಹುಡುಗರು ದೋಣಿ ನಡೆಸ್ತಾರಾ, ಇಲ್ಲ ನಿದ್ದೆ ಮಾಡ್ತಾರಾ?" ಅಂತ ನಕ್ಕವರೇ ಈಗ ಫೋನ್ ಮಾಡಿ ಶೆಡ್ಯೂಲ್ ಕೇಳುತ್ತಾರೆ.

ನಾನು ಪಾಂಡವಪುರದ ಕಡೆಯವನು. ಸೈನ್ಯ ಸೇರುವವರೆಗೆ ಹರಿಗೋಲು ಬಿಟ್ಟರೆ ಬೇರೆ ದೋಣಿ ಹತ್ತಿದವನಲ್ಲ. ಎಂಇಜಿಯಲ್ಲಿ (ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್) ನನ್ನ ಎತ್ತರ ನೋಡಿ ರೋಯಿಂಗ್‌ಗೆ ಅಂತ ಹಲಸೂರು ಕೆರೆಗೆ ಇಳಿಸಿದರು. ಸೊಂಟ ಕೈಕೊಟ್ಟಿತು, ಪಿಂಚಣಿ ಬಂತು, ಮೈಸೂರಿನ ಕಾಲೇಜೊಂದರಲ್ಲಿ ರೋಯಿಂಗ್ ಕಲಿಸುವ ಗುತ್ತಿಗೆ ಕೆಲಸ ಸಿಕ್ಕಿತು. ಸಂಬಳ ಹದಿನಾರು ಸಾವಿರದ ಆಸುಪಾಸು.

ಈಜು ಬರುವವರನ್ನೇ ಆರಿಸು ಅಂದರು. ನಾನು ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ ಕಡೆಯ ಖೋಖೋ, ಕಬಡ್ಡಿ ಹುಡುಗರನ್ನು ಹಿಡಿದೆ. ಎರಡೂ ತೋಳು ಚಾಚಿದರೆ ಅಳತೆ ಎತ್ತರಕ್ಕಿಂತ ಜಾಸ್ತಿ ಬರಬೇಕು, ಅಷ್ಟೇ. ಈಜು ಆಮೇಲೆ ಕಲಿಸಿದೆ. ತಡವಾಗಿ ಶುರು ಮಾಡಿದರೇನಂತೆ? ಒಲಿಂಪಿಕ್ಸ್‌ಗೆ ಹೋದ ದತ್ತು ಭೋಕನಲ್ ಕೂಡ ರೋಯಿಂಗ್ ಕಲಿತದ್ದೇ ಸೈನ್ಯಕ್ಕೆ ಸೇರಿದ ಮೇಲೆ. 2016ರ ರಿಯೋದಲ್ಲಿ ಸಿಂಗಲ್ ಸ್ಕಲ್‌ನಲ್ಲಿ (ಒಬ್ಬರೇ ಎರಡು ಹುಟ್ಟು ಹಿಡಿಯುವ ದೋಣಿ) 13ನೇ ಸ್ಥಾನಕ್ಕೆ ಬಂದರು ಅಲ್ವಾ?

ಮೊದಲು ದಮ್ಮು ಬೆಳೆಯಲಿ ಅಂತ ಮೊದಲ ಸೀಸನ್ ಪೂರ್ತಿ ರೇಟ್ 18 ದಾಟಲು ಬಿಡಲಿಲ್ಲ. ಎರ್ಗ್ (ನೆಲದ ಮೇಲಿನ ರೋಯಿಂಗ್ ಯಂತ್ರ) ಮೇಲೂ ಅಷ್ಟೇ, ನೀರಲ್ಲೂ ಅಷ್ಟೇ. ಎರ್ಗ್ ಚಕ್ರದ ಗಾಳಿ ತಡೆ, ಅಂದರೆ ಡ್ರ್ಯಾಗ್, 115-120. ಜಿಮ್‌ನಿಂದ ಬಂದವರು ಆ ತಡೆ ಏರಿಸುವ ಡ್ಯಾಂಪರನ್ನು ಸೀದಾ 10ಕ್ಕೆ ತಿರುಗಿಸುತ್ತಿದ್ದರು. ಕೊನೆಗೆ ಅದಕ್ಕೆ ಟೇಪ್ ಸುತ್ತಿಬಿಟ್ಟೆ. ಆ ವರ್ಷ ರೇಸ್‌ನಲ್ಲಿ ಕಟ್ಟಕಡೆಗೆ ಬಂದೆವು. ಮುಂದಿನ ವರ್ಷವೂ ಪದಕವಿಲ್ಲ. ಅರ್ಧ ಹುಡುಗರು ಪೊಲೀಸ್ ಭರ್ತಿಗೆ ಓಡಿದರು. ಖರ್ಚು ನಿಲ್ಲಿಸೋಣ ಅಂತ ಮೇಲಿನವರ ಮಾತು ಶುರುವಾಯಿತು.

ಖರ್ಚು ಅಂದರೆ ಏನು ಗೊತ್ತಾ? ಹಳೆಯ ಫೋರ್ ಒಂದನ್ನು ಹೊರರಾಜ್ಯದಿಂದ ತಂದದ್ದು, ಲಾರಿ ಬಾಡಿಗೆ ಸೇರಿ ಎರಡೂವರೆ ಲಕ್ಷ ದಾಟಿತು. ಹದಿಮೂರು ಮೀಟರ್ ಹತ್ತಿರದ ದೋಣಿ, ಲಾರಿಯಿಂದ ಹೊರಗೆ ಚಾಚಿಕೊಂಡೇ ಬಂತು. ಇಳಿಸುವಾಗ ತಳ ಸೀಳಿತ್ತು. ಮೇಟಗಳ್ಳಿ ಕಡೆ ಫೈಬರ್ ಟ್ಯಾಂಕ್ ರಿಪೇರಿ ಮಾಡುವವರೊಬ್ಬರು ಒಂಬತ್ತು ಸಾವಿರಕ್ಕೆ ಮುಚ್ಚಿಕೊಟ್ಟರು. ನಿಯಮದ ಕನಿಷ್ಠ ತೂಕ 50 ಕೆಜಿ, ನಮ್ಮದು 58ರ ಹತ್ತಿರ. ಆ ಎಂಟು ಕೆಜಿ ಹೊತ್ತುಕೊಂಡೇ ಪದಕ ಹೊಡೆದದ್ದು, ಇರಲಿ. ನಾವು ಅಭ್ಯಾಸ ಮಾಡುವ, ಮೈಸೂರು ಹತ್ತಿರದ ವರುಣಾ ಕೆರೆಯಲ್ಲಿ ಕಳೆ ಸಿಕ್ಕಿ ಫಿನ್ (ದೋಣಿ ನೆಟ್ಟಗೆ ಹೋಗಲು ತಳದಲ್ಲಿರುವ ರೆಕ್ಕೆ) ಕಿತ್ತುಹೋದದ್ದು ಬೇರೆ ಲೆಕ್ಕ. ಆಷಾಢದಲ್ಲಂತೂ ಬೆಳಿಗ್ಗೆ ಎಂಟರೊಳಗೆ ದಡ ಸೇರಬೇಕು. ಆಮೇಲೆ ಗಾಳಿ ಬಿಡಲ್ಲ.

ಎರ್ಗ್ ಒಂದೇ ಇತ್ತು. ಹೊಸದಕ್ಕೆ ಒಂದೂವರೆ ಲಕ್ಷದ ಮಾತು. ಸೈಕಲ್ ಚಕ್ರಕ್ಕೆ ತಗಡಿನ ರೆಕ್ಕೆ ಬೆಸೆದು ನಾವೇ ಒಂದು ಮಾಡಿದೆವು. ಎರಡು ವಾರ ಓಡಿತು, ಚೈನ್ ಹಾರಿ ಗೋಡೆಗೆ ಬಡಿಯಿತು. ಈಗ ಅದು ಬಟ್ಟೆ ಒಣಗಿಸುವ ಸ್ಟ್ಯಾಂಡ್. ಆದರೆ ಹಳೆಯ ಸೈಕಲ್ ಟ್ಯೂಬ್‌ಗಳನ್ನು ದೋಣಿಯ ಸುತ್ತ ಬಿಗಿದು ಎಳೆಸಿದ್ದು ಚೆನ್ನಾಗಿ ಕೆಲಸ ಮಾಡಿತು. ಖರ್ಚು ಸೊನ್ನೆ. ಟ್ಯೂಬ್ ನೀರಲ್ಲಿ ತಡೆಯುತ್ತೆ; ಕ್ಯಾಚ್, ಅಂದರೆ ಹುಟ್ಟು ನೀರಿಗಿಳಿಸುವುದು, ತಡವಾದರೆ ದೋಣಿ ಅಲ್ಲೇ ನಿಲ್ಲುತ್ತೆ, ನಾನು ಕೂಗಬೇಕಾಗಿಲ್ಲ. ಎಷ್ಟು ಟ್ಯೂಬ್, ಯಾವ ಜಾಗಕ್ಕೆ ಅಂತ ಮಾತ್ರ ಕೇಳಬೇಡಿ. ಮುದ್ದೆ ತಿಂದು ಎರಡು ಗಂಟೆ ಬಿಟ್ಟು ಲಾಂಗ್ ರೋ ಮಾಡಿಸಿಯೂ ನೋಡಿದೆ. ಓಟ್ಸ್ ತಿಂದವರಿಗಿಂತ ಇವರೇನೂ ಹಿಂದೆ ಬೀಳಲಿಲ್ಲ.

ಮೂರನೇ ವರ್ಷಕ್ಕೆ ರೇಟ್ ಏರಿಸಿದೆ. ಎರ್ಗ್ ಮೇಲೆ 2000 ಮೀಟರಿಗೆ ಎಂಟು ನಿಮಿಷ ದಾಟುತ್ತಿದ್ದ ಹುಡುಗರು ಏಳರೊಳಗೆ ಬಂದರು. ರೇಸ್‌ನಲ್ಲಿ ಸಾವಿರ ಮೀಟರಿನವರೆಗೂ ನಾವು ಹಿಂದೆಯೇ. ಉಳಿದವರು 36ಕ್ಕೆ ಏರಿಸಿ ಕೊನೆಯ ಐನೂರರಲ್ಲಿ ಕುಸಿದರು. ನಮ್ಮದು 32ರಲ್ಲೇ ನಿಂತಿತ್ತು, ಸ್ಪ್ಲಿಟ್ (ಪ್ರತಿ ಐನೂರು ಮೀಟರಿನ ಸಮಯ) ಅಲ್ಲಾಡಲಿಲ್ಲ.

ಈಗ ಹೊಸ ತಕರಾರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ದೂರ 2000 ಅಲ್ಲ, 1500 ಮೀಟರ್, ನಿನ್ನ ನಿಧಾನ ಇನ್ನು ನಡೆಯಲ್ಲ ಅಂತ. 1500 ಅಂದರೂ ನಾಲ್ಕೈದು ನಿಮಿಷದ ಕೆಲಸ, ದಮ್ಮಿಲ್ಲದೆ ಆಗುತ್ತಾ? ಇಬ್ಬರು ಹುಡುಗಿಯರನ್ನು ಡಬಲ್‌ಗೆ (ಇಬ್ಬರ ದೋಣಿ) ಹಾಕಿದ್ದೇನೆ, ಅದೇ 18ರಲ್ಲಿ. ಅವರಿಗೆ ಸೆಕೆಂಡ್ ಹ್ಯಾಂಡ್ ಹುಟ್ಟು ಕೊಳ್ಳಲು ಇನ್ನೂ ನಲವತ್ತು ಸಾವಿರ ಹೊಂದಿಸಬೇಕು.