ಮುರುಗಲ ತುಪ್ಪದ ಸೋಪು: ಶಿರಸಿಯಲ್ಲಿ ನಾನು ಮಾಡುವ ರೀತಿ

ಸೋಪು ಮಾಡುವ ಯಾವ ವಿಡಿಯೋ ನೋಡಿದರೂ ಆಲಿವ್ ಎಣ್ಣೆ, ಶಿಯಾ ಬಟರ್ (ಆಫ್ರಿಕಾದ ಒಂದು ಮರದ ಬೀಜದ ಗಟ್ಟಿ ಜಿಡ್ಡು) ಇದ್ದೇ ಇರುತ್ತವೆ. ಕೊನೆಗೆ ‘ನಾಲ್ಕು ವಾರ ಗಾಳಿಗೆ ಒಣಗಲು ಬಿಡಿ’ ಅನ್ನುತ್ತಾರೆ. ಶಿರಸಿಯಲ್ಲಿ ಆಷಾಢ ಬಂತೆಂದರೆ ಹೊದೆಯುವ ಚಾದರವೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಸೋಪಿನ ಕತೆ ಏನು? ಆಲಿವ್ ಎಣ್ಣೆ ತರಿಸಿ ಮಾಡಿದರೆ ಸೋಪಿನ ಬೆಲೆ ಕೇಳಿದವರು ಹಾಗೇ ಕೆಳಗಿಟ್ಟು ಹೋಗುತ್ತಾರೆ. ಅದಕ್ಕೇ ನಾನು ಇಲ್ಲಿ ಸಿಗುವ ಎಣ್ಣೆ, ಇಲ್ಲಿನ ಹವೆ ನೋಡಿಕೊಂಡು ನನ್ನದೇ ಅಳತೆ ಹೊಂದಿಸಿಕೊಂಡೆ.

ಶಿಯಾ ಬಟರ್ ಜಾಗಕ್ಕೆ ಬಂದದ್ದು ಮುರುಗಲ (ಕೋಕಂ) ತುಪ್ಪ. ಬೇಸಿಗೆಯಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿ ಎತ್ತಿಟ್ಟ ಮೇಲೆ ಬೀಜ ಉಳಿಯುತ್ತದಲ್ಲ, ಅದನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಅದನ್ನು ತೆಗೆದು ಆರಿಸಿದರೆ ಗಟ್ಟಿ ತುಪ್ಪ. ನಮ್ಮ ಕಡೆ ಹಿಮ್ಮಡಿ ಒಡೆದರೆ ಹಚ್ಚುವುದು ಇದನ್ನೇ. ಇದು ಕರಗಬೇಕಾದರೆ ಸುಮಾರು 40 ಡಿಗ್ರಿ ಬಿಸಿ ಬೇಕು. ಇದರಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ. ಹಾಗಾಗಿ ಸೋಪು ಗಟ್ಟಿಯಾಗುತ್ತದೆ, ಬಚ್ಚಲಲ್ಲಿ ಬೇಗ ಕರಗುವುದಿಲ್ಲ. ಮುರುಗಲಿನಂಥದೇ ಇನ್ನೊಂದು ಹುಳಿ ಹಣ್ಣು ಉಪ್ಪಾಗೆ, ಅದರ ಬೀಜದ ತುಪ್ಪವನ್ನೂ ಹಾಕಬಹುದಿತ್ತು. ಆದರೆ ಅದು ಒಗ್ಗರಣೆಗೇ ಸಾಲದು, ಸೋಪಿಗೆ ಕೊಡಲು ನಮ್ಮತ್ತೆ ಒಪ್ಪುವುದಿಲ್ಲ.

ನನ್ನ ಅಳತೆ ಹೀಗಿದೆ. ಕೊಬ್ಬರಿ ಎಣ್ಣೆ 500 ಗ್ರಾಂ, ಅಕ್ಕಿ ತೌಡಿನ ಎಣ್ಣೆ 300 ಗ್ರಾಂ, ಮುರುಗಲ ತುಪ್ಪ 100, ಹರಳೆಣ್ಣೆ 100. ಒಟ್ಟು ಒಂದು ಕೆಜಿ. ಪ್ರತಿ ಎಣ್ಣೆಗೂ ಎಷ್ಟು ಕಾಸ್ಟಿಕ್ ಸೋಡಾ ಬೇಕು ಎನ್ನುವ ಲೆಕ್ಕ ಬೇರೆ ಬೇರೆ. ಕೊಬ್ಬರಿ ಎಣ್ಣೆಗೆ ಒಂದು ಗ್ರಾಂಗೆ 0.183 ಗ್ರಾಂ, ತೌಡೆಣ್ಣೆಗೆ ಸುಮಾರು 0.133, ಮುರುಗಲಿಗೆ ಸುಮಾರು 0.135, ಹರಳೆಣ್ಣೆಗೆ 0.128. ಗುಣಿಸಿ ಕೂಡಿದರೆ 157.7 ಗ್ರಾಂ ಆಗುತ್ತದೆ. ಅಷ್ಟನ್ನೂ ಹಾಕುವುದಿಲ್ಲ. ಶೇಕಡಾ 7ರಷ್ಟು ಕಡಿಮೆ ಮಾಡಿ 146 ಗ್ರಾಂ ಹಾಕುತ್ತೇನೆ. ಆಗ ಸ್ವಲ್ಪ ಎಣ್ಣೆ ಸೋಪಾಗದೆ ಹಾಗೇ ಉಳಿಯುತ್ತದೆ, ಚರ್ಮ ಬಿಗಿಯುವುದಿಲ್ಲ. ಅರ್ಧಕ್ಕರ್ಧ ಕೊಬ್ಬರಿ ಎಣ್ಣೆ ಇರುವ ಸೋಪಿಗೆ ಇದು ಬೇಕೇ ಬೇಕು. ಕೊಬ್ಬರಿ ಎಣ್ಣೆ ನೊರೆ ಚೆನ್ನಾಗಿ ಕೊಡುತ್ತದೆ, ಆದರೆ ಮೈಯ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ. ನೀರು 300 ಗ್ರಾಂ. ಎಲ್ಲವನ್ನೂ ತಕ್ಕಡಿಯಲ್ಲೇ ತೂಗಬೇಕು. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಣ್ಣೆ ಬದಲಿಸಿದರೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು. ‘ತೌಡೆಣ್ಣೆ ಇಲ್ಲ, ಶೇಂಗಾ ಎಣ್ಣೆ ಹಾಕಲಾ?’ ಎಂದು ಕೇಳುವವರಿದ್ದಾರೆ. ಹಾಕಿ, ಆದರೆ ಮೊದಲು ಲೆಕ್ಕ ಹಾಕಿ.

ಕಾಸ್ಟಿಕ್ ಸೋಡಾ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾ ಮೇಲೆ ಸುರಿಯಬಾರದು. ಸುರಿದರೆ ಕುದ್ದು ಮೇಲೆ ಸಿಡಿಯುತ್ತದೆ. ಸರಿಯಾಗಿ ಹಾಕಿದರೂ ಒಲೆಯಿಲ್ಲದೆಯೇ ನೀರು 80 ಡಿಗ್ರಿ ದಾಟುತ್ತದೆ, ಗಂಟಲು ಕೆರೆಯುವ ಆವಿ ಏಳುತ್ತದೆ. ನಾನು ಇದನ್ನು ಹಿಂಬದಿಯ ಜಗುಲಿಯಲ್ಲಿ ಮಾಡುತ್ತೇನೆ. ಕಣ್ಣು ಪೂರ್ತಿ ಮುಚ್ಚುವ ರಕ್ಷಣೆಯ ಕನ್ನಡಕ, ಕೈಗೆ ಉದ್ದ ಗ್ಲೌಸು. ಆ ಹೊತ್ತಿಗೆ ಮಕ್ಕಳು, ಬೆಕ್ಕು ಎಲ್ಲ ಒಳಗೆ. ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಬಿಡುತ್ತದೆ. ಮೈಮೇಲೆ ಸಿಡಿದರೆ ವಿನೆಗರ್ ಹುಡುಕುತ್ತ ಕೂರಬೇಡಿ. ತಣ್ಣೀರು ಬಿಟ್ಟು ತೊಳೆಯುತ್ತಲೇ ಇರಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಕಾಸ್ಟಿಕ್ ಗಾಳಿಯ ತೇವ ಹೀರುತ್ತದೆ. ಡಬ್ಬ ಸರಿಯಾಗಿ ಮುಚ್ಚದಿದ್ದರೆ ಮಳೆಗಾಲದಲ್ಲಿ ಚೂರುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆಮೇಲೆ ನೀವು 146 ಗ್ರಾಂ ತೂಗಿದರೂ ಅದರಲ್ಲಿ ಒಂದಿಷ್ಟು ನೀರೇ. ಸೋಪು ಮೆತ್ತಗೆ ಜಿಡ್ಡುಜಿಡ್ಡಾಗಿ ಬರುತ್ತದೆ. ಅಳತೆ ಸರಿಯಿತ್ತಲ್ಲ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹಾಗಾಗಿ ನಾನು ಒಂದು ಸೀಸನ್ನಿಗೆ ಬೇಕಾದಷ್ಟೇ ತರುತ್ತೇನೆ.

ಕಾಸ್ಟಿಕ್ ನೀರು, ಕರಗಿಸಿದ ಎಣ್ಣೆ ಎರಡೂ 45 ಡಿಗ್ರಿ ಹತ್ತಿರ ಬಂದಾಗ ಸೇರಿಸುತ್ತೇನೆ. ಇನ್ನೂ ತಣ್ಣಗಾದರೆ ಮುರುಗಲ ತುಪ್ಪ ಹೆಪ್ಪುಗಟ್ಟಲು ಶುರುವಾಗುತ್ತದೆ. ಮಿಶ್ರಣ ದಪ್ಪವಾದಂತೆ ಕಾಣುತ್ತದೆ, ಅಚ್ಚಿಗೆ ಹಾಕಿದ ಮೇಲೆ ಎಣ್ಣೆ ಬೇರೆ, ನೀರು ಬೇರೆ. ಹ್ಯಾಂಡ್ ಬ್ಲೆಂಡರಿನಲ್ಲಿ ತಡೆದು ತಡೆದು ಕಡೆದರೆ ಸ್ವಲ್ಪ ಹೊತ್ತಿನಲ್ಲೇ ಮಜ್ಜಿಗೆಹುಳಿಯ ಹದಕ್ಕೆ ಬರುತ್ತದೆ. ಚಮಚ ಎತ್ತಿದಾಗ ಬಿದ್ದ ಗೆರೆ ಮೇಲೆ ಕ್ಷಣ ಹೊತ್ತು ನಿಲ್ಲಬೇಕು. ಇದಕ್ಕೆ ಟ್ರೇಸ್ ಅನ್ನುತ್ತಾರೆ. ಆಗ ಪರಿಮಳ ಸೇರಿಸಿ, ಬಟರ್ ಪೇಪರ್ ಹಾಸಿದ ಮರದ ಅಚ್ಚಿಗೆ ಸುರಿಯುವುದು. ಮರುದಿನವೇ ಕತ್ತರಿಸಬೇಕು. ಕೊಬ್ಬರಿ ಎಣ್ಣೆ ಜಾಸ್ತಿ ಇರುವ ಸೋಪು ತಡ ಮಾಡಿದರೆ ಪುಡಿಪುಡಿಯಾಗಿ ಒಡೆಯುತ್ತದೆ.

ಪರಿಮಳಕ್ಕೆ ನಾನು ಮಜ್ಜಿಗೆಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ಹಾಕುತ್ತೇನೆ, ಕೆಜಿ ಎಣ್ಣೆಗೆ 20 ಗ್ರಾಂ. ಕೆಲವಕ್ಕೆ ಲಾವಂಚದ ಬೇರಿನ ಪುಡಿ. ಲವಂಗದ ಎಣ್ಣೆ ಮಾತ್ರ ಹುಷಾರು. ಹಾಕಿದ ಕೂಡಲೇ ಪಾತ್ರೆಯಲ್ಲೇ ಗಟ್ಟಿಯಾಗಿಬಿಡುತ್ತದೆ. ಅರಿಶಿನ ಹಾಕಿದರೆ ಹಳದಿ ಸೋಪು ಬರುತ್ತದೆ ಅಂದುಕೊಂಡಿದ್ದೀರಾ? ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುತ್ತದಲ್ಲ, ಕಾಸ್ಟಿಕ್ ಮುಂದೆಯೂ ಅದೇ ಆಗುತ್ತದೆ. ಮೊದಲು ಕೆಂಪು, ದಿನ ಕಳೆದಂತೆ ಕಿತ್ತಳೆ, ಬೆಳಕಿಗೆ ಇಟ್ಟರೆ ಬಣ್ಣವೇ ಮಾಸುತ್ತದೆ. ದಾಸವಾಳದ ಕೆಂಪೂ ಉಳಿಯುವುದಿಲ್ಲ, ಬೇವಿನ ಹಸಿರೂ ಕಂದಾಗುತ್ತದೆ. ಗಂಧದ ಸೋಪು ಮಾಡಿ ಎಂದು ತುಂಬ ಜನ ಕೇಳುತ್ತಾರೆ. ನೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾದದ್ದೇ ಮೈಸೂರು ಸೀಮೆಯಲ್ಲಿ ಗಂಧ ಇತ್ತೆಂದು. ನನ್ನ ಹಿತ್ತಲಲ್ಲಿ ಇರುವುದು ಮಜ್ಜಿಗೆಹುಲ್ಲು. ನಿಜವಾದ ಗಂಧದ ಎಣ್ಣೆಯ ಬೆಲೆ ಕೇಳಿದವರು ಮತ್ತೆ ಕೇಳುವುದಿಲ್ಲ.

‘ಅಕ್ಕಾ, ಇದ್ರಲ್ಲಿ ಕಾಸ್ಟಿಕ್ ಇಲ್ವಲ್ಲಾ?’ ಇದು ದಿನಾ ಬರುವ ಪ್ರಶ್ನೆ. ಕಾಸ್ಟಿಕ್ ಇಲ್ಲದೆ ಗಟ್ಟಿ ಸೋಪು ಆಗುವುದೇ ಇಲ್ಲ. ಲೆಕ್ಕ ಸರಿಯಿದ್ದರೆ ಅದು ಎಣ್ಣೆಯ ಜೊತೆ ಸೇರಿ ಸೋಪು ಮತ್ತು ಗ್ಲಿಸರಿನ್ ಆಗಿ ಮುಗಿದುಹೋಗುತ್ತದೆ. ಅಂಗಡಿಯಿಂದ ಬೇಸ್ (ಮೊದಲೇ ತಯಾರಾದ ಸೋಪಿನ ಗಟ್ಟಿ) ತಂದು ಕರಗಿಸಿ ಅಚ್ಚಿಗೆ ಹಾಕುವವರೂ ‘ಕಾಸ್ಟಿಕ್ ಬಳಸಿಲ್ಲ’ ಅನ್ನುತ್ತಾರೆ. ಅದನ್ನು ಬೇರೆಯವರು ಮೊದಲೇ ಬಳಸಿರುತ್ತಾರೆ, ಅಷ್ಟೇ. ‘ಕೆಮಿಕಲ್ ಇಲ್ಲದ ಸೋಪು’ ಎಂದು ಲೇಬಲ್ಲಿನಲ್ಲಿ ಬರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಇನ್ನು ಒಣಗಿಸುವುದು. ನಾನು ಸೋಪು ಮಾಡುವುದು ದೀಪಾವಳಿ ಕಳೆದ ಮೇಲಿಂದ ಮೇ ಮೊದಲ ವಾರದವರೆಗೆ ಮಾತ್ರ. ಬಿದಿರಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, ಬಿಸಿಲು ತಾಗದ ಕೋಣೆಯಲ್ಲಿ ಆರು ವಾರ. ಮಧ್ಯೆ ಮಗುಚಿ ಹಾಕುವುದು. ಬಚ್ಚಲ ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಟ್ಟರೆ ಸೋಪಿಗೆ ಹೊಗೆ ವಾಸನೆ ಹಿಡಿಯುತ್ತದೆ. ಮುಂದಿನ ದೀಪಾವಳಿಯ ಎಣ್ಣೆಸ್ನಾನಕ್ಕೆ ಮಾರುವುದು ಈ ಬೇಸಿಗೆಯ ಸೋಪನ್ನೇ. ಹಳೆಯದಾದಷ್ಟೂ ಸೋಪು ಗಟ್ಟಿ, ಮೈಗೆ ಹಿತ. ಮಳೆ ಹಿಡಿಯುವ ಮೊದಲೇ ಬಟರ್ ಪೇಪರಿನಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ತುಂಬಿಡುತ್ತೇನೆ. ಹೊರಗಿಟ್ಟರೆ ಗ್ಲಿಸರಿನ್ ತೇವ ಎಳೆದು ಸೋಪಿನ ಮೇಲೆಲ್ಲ ಹನಿ ಕೂರುತ್ತದೆ. ಅದು ಹಾಳಾದದ್ದಲ್ಲ, ಒರೆಸಿ ಬಳಸಬಹುದು. ಕಿತ್ತಳೆ ಚುಕ್ಕೆ ಬಿದ್ದು ಕಮಟು ವಾಸನೆ ಬಂದರೆ ಮಾತ್ರ ಎಣ್ಣೆ ಕೆಟ್ಟಿದೆ ಎಂದೇ ಲೆಕ್ಕ. ಅಂಥದ್ದನ್ನು ಮಾರುವುದಿಲ್ಲ, ಬಟ್ಟೆ ತೊಳೆಯಲು ಇಟ್ಟುಕೊಳ್ಳುತ್ತೇನೆ.

ನಮ್ಮ ಬಾವಿ ನೀರಿನಲ್ಲಿ ಬರುವ ನೊರೆ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಬರುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಕಿಟ್ಟವಾಗುತ್ತದೆ, ಬಕೆಟ್ಟಿನ ಅಂಚಿಗೆ ಹತ್ತುತ್ತದೆ. ಇದನ್ನು ಸೋಪಿನ ಅಳತೆ ಬದಲಿಸಿ ಪೂರ್ತಿ ಸರಿಮಾಡಲು ಆಗದು. ಹಾಗಾಗಿ ಅಲ್ಲಿಯವರಿಗೆ ಮೊದಲೇ ಹೇಳಿಬಿಡುತ್ತೇನೆ.

ನೆಂಟರಿಗೆ ಕೊಡುವವರೆಗೆ ಯಾರ ಅಪ್ಪಣೆಯೂ ಬೇಡ. ಮಾರುವುದಾದರೆ ಮೈಸೋಪು ಕಾಸ್ಮೆಟಿಕ್ ಲೆಕ್ಕಕ್ಕೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಲೈಸೆನ್ಸ್ ಬೇಕು. ಬೇರೆಯದೇ ಜಾಗ ಬೇಕು, ಅಡುಗೆಮನೆ ನಡೆಯುವುದಿಲ್ಲ. ಫಾರ್ಮಸಿ ಅಥವಾ ಕೆಮಿಸ್ಟ್ರಿ ಓದಿದ ಒಬ್ಬರು ಇರಬೇಕು. ನನ್ನ ನಾದಿನಿ ಬಿಎಸ್ಸಿ ಕೆಮಿಸ್ಟ್ರಿ. ಮದುವೆಯಾದಾಗಿಂದ ಪೆಟ್ಟಿಗೆಯಲ್ಲಿದ್ದ ಅವಳ ಸರ್ಟಿಫಿಕೇಟು ಕೊನೆಗೂ ಹೊರಗೆ ಬಂತು. ಸ್ವಂತ ಜಾಗ ಇಲ್ಲದವರು ಲೈಸೆನ್ಸ್ ಇರುವ ಘಟಕದಲ್ಲಿ ತಮ್ಮ ಸೋಪು ಮಾಡಿಸಲು ಲೋನ್ ಲೈಸೆನ್ಸ್ ಎಂಬ ದಾರಿಯೂ ಇದೆ. ‘ಮೊಡವೆ ಹೋಗುತ್ತದೆ’, ‘ಕಜ್ಜಿ ವಾಸಿಯಾಗುತ್ತದೆ’ ಎಂದು ಬರೆಯುವಂತಿಲ್ಲ. ಬರೆದರೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ.

ಬೆಲೆ ಇಡುವಾಗ ಹಸಿ ಸೋಪಿನ ತೂಕ ನಂಬಬೇಡಿ. ಒಂದು ಕೆಜಿ ಎಣ್ಣೆಗೆ ಸುಮಾರು 1,450 ಗ್ರಾಂ ಮಿಶ್ರಣ ಬರುತ್ತದೆ, ಒಣಗಿದ ಮೇಲೆ ಅದರಲ್ಲಿ ಶೇಕಡಾ 10ರಿಂದ 15ರಷ್ಟು ಹೋಗುತ್ತದೆ. ನಾನು 120 ಗ್ರಾಂಗೆ ಕತ್ತರಿಸಿ 100 ಗ್ರಾಂ ಎಂದು ಲೇಬಲ್ ಹಾಕುತ್ತೇನೆ. ಒಂದು ಕೆಜಿ ಎಣ್ಣೆಗೆ ಹನ್ನೆರಡು ಸೋಪು. 2025ರಲ್ಲಿ ಕೊಬ್ಬರಿ ಎಣ್ಣೆ ದರ ವಿಪರೀತ ಏರಿದಾಗ ಈ ಲೆಕ್ಕವೆಲ್ಲ ಮತ್ತೆ ಹಾಕಬೇಕಾಯಿತು. ಕೊಬ್ಬರಿ ಎಣ್ಣೆ ಕಡಿಮೆ ಮಾಡಿ ಅಗ್ಗದ ಎಣ್ಣೆ ಸೇರಿಸುವ ಬದಲು ಬೆಲೆಯನ್ನೇ ಏರಿಸಿದೆ. ಕೆಲವರು ಬಿಟ್ಟುಹೋದರು, ಉಳಿದವರು ಎರಡರ ಬದಲು ಒಂದು ಸೋಪು ಒಯ್ಯುತ್ತಿದ್ದಾರೆ.