ಷೇರಿನ ಪಿಇ: ಹತ್ತು ವರ್ಷದ ಲೆಕ್ಕ ಒಟ್ಟಿಗೆ ನೋಡಿ

ಬಳ್ಳಾರಿಯ ನಮ್ಮ ಬಳಗದಲ್ಲಿ ಹಲವರು ‘ಪಿಇ ಕಡಿಮೆ ಇದೆ’ ಎಂಬ ಒಂದೇ ಕಾರಣಕ್ಕೆ ಉಕ್ಕು ಮತ್ತು ಗಣಿ ಕಂಪನಿಗಳ ಷೇರು ಕೊಳ್ಳಲು ಹೊರಟಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಷೇರಿನ ಬೆಲೆಯನ್ನು ಪ್ರತಿ ಷೇರಿನ ವಾರ್ಷಿಕ ಲಾಭದಿಂದ ಭಾಗಿಸಿದರೆ ಬರುವುದೇ ಪಿಇ.

ಒಂದು ಉಕ್ಕು ಕಂಪನಿಯ ಷೇರಿಗೆ 600 ರೂಪಾಯಿ, ಪ್ರತಿ ಷೇರಿನ ಲಾಭ 60 ರೂಪಾಯಿ ಎಂದುಕೊಳ್ಳೋಣ. ಪಿಇ 10, ಅಗ್ಗವೆನಿಸುತ್ತದೆ. ಉಕ್ಕಿನ ದರ ಬಿದ್ದು ಮರುವರ್ಷ ಲಾಭ 12 ರೂಪಾಯಿಗೆ ಇಳಿದು, ಷೇರು 360ಕ್ಕೆ ಕುಸಿದರೆ ಪಿಇ 30 ಆಗುತ್ತದೆ. ಅಗ್ಗವೆಂದು ಕೊಂಡವರು ನಷ್ಟದಲ್ಲಿರುತ್ತಾರೆ, ಷೇರು ಮಾತ್ರ ಈಗ ದುಬಾರಿಯಂತೆ ಕಾಣುತ್ತದೆ. ಅದಿರನ್ನು ನೆಚ್ಚಿದ ಆದಾಯ ಎಷ್ಟು ಬೇಗ ನಿಲ್ಲಬಹುದೆಂಬುದನ್ನು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಸಂಡೂರು, ಹೊಸಪೇಟೆಯ ಲಾರಿ ಮಾಲೀಕರು ಕಣ್ಣಾರೆ ಕಂಡಿದ್ದಾರೆ.

ಆದ್ದರಿಂದ ದಯವಿಟ್ಟು ಒಂದು ಹಾಳೆಯಲ್ಲಿ ಹತ್ತು ವರ್ಷಗಳ ಬೆಲೆ, ಲಾಭ ಮತ್ತು ಪಿಇಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು, ಅನುಪಾತ ಏರಿದ್ದು ಬೆಲೆ ಹೆಚ್ಚಿದ್ದರಿಂದಲೋ ಲಾಭ ಕುಸಿದದ್ದರಿಂದಲೋ ಎಂಬುದನ್ನು ಗುರುತಿಸಿ. ನಷ್ಟದ ವರ್ಷದ ಪಿಇಗೆ ಅರ್ಥವಿರದು. ಅಲ್ಲಿ ಖಾಲಿ ಬಿಡಿ. ಬೋನಸ್ ಷೇರು (ಷೇರುದಾರರಿಗೆ ಕಂಪನಿ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಬಂದಿದ್ದರೆ ಹಳೆಯ ಬೆಲೆಯ ಜೊತೆಗೆ ಪ್ರತಿ ಷೇರಿನ ಹಳೆಯ ಲಾಭವನ್ನೂ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಬೇಕು. ಅಂಗಸಂಸ್ಥೆಗಳಿರುವ ಕಂಪನಿಯಾದರೆ ಎಲ್ಲ ವರ್ಷಕ್ಕೂ ಕ್ರೋಡೀಕೃತ ಲಾಭವನ್ನೇ, ಅಂದರೆ ಅಂಗಸಂಸ್ಥೆಗಳದ್ದೂ ಸೇರಿದ ಲಾಭವನ್ನೇ ಬಳಸಿ. ಷೇರುಪೇಟೆಯ ಸೂಚ್ಯಂಕವಾದ ನಿಫ್ಟಿಯ ಪಿಇ ಲೆಕ್ಕವೂ 2021ರಲ್ಲಿ ಈ ಕ್ರಮಕ್ಕೆ ಬದಲಾಗಿರುವುದರಿಂದ, ಅದರ ಹಿಂದಿನ ಅಂಕಿಗಳನ್ನು ಇಂದಿನವುಗಳೊಂದಿಗೆ ನೇರವಾಗಿ ಹೋಲಿಸಬೇಡಿ.