ಒಂದು ನಾಯಿಮರಿಯ ಬೆಲೆ: ನನ್ನ ಖರ್ಚಿನ ಪುಸ್ತಕ ಹೇಳುವ ಲೆಕ್ಕ

ಮರಿ ಬೇಕೆಂದು ಫೋನ್ ಮಾಡುವವರು ಮೊದಲು ಕೇಳುವುದು ಬೆಲೆಯನ್ನು. ಅದರಲ್ಲಿ ತಪ್ಪೇನೂ ಇಲ್ಲ; ಹಣ ಕೊಡುವವರು ಕೇಳಲೇಬೇಕು. ಬೆಲೆ ಹೇಳಿದ ಮೇಲೆ ಬರುವ ಎರಡನೆಯ ಮಾತು ಮಾತ್ರ ನನಗೆ ಬಾಯಿಪಾಠವಾಗಿಬಿಟ್ಟಿದೆ. "ಜಾಹೀರಾತಿನಲ್ಲಿ ಇದರ ಅರ್ಧಕ್ಕೇ ಸಿಗುತ್ತದಲ್ಲ, ನಿಮ್ಮ ಮರಿಗೇನು ಕೋಡು ಮೂಡಿದೆಯೇ?" ಸಿಗುತ್ತದೆ, ನಿಜ. ಮೇಲ್ನೋಟಕ್ಕೆ ಎರಡೂ ಮರಿಗಳು ಒಂದೇ ತರಹ ಕಾಣುತ್ತವೆ ಎನ್ನುವುದೂ ನಿಜ.

ನಾನು ಲ್ಯಾಬ್ರಡಾರ್‌ಗಳನ್ನು ಮನೆಯಲ್ಲೇ ಸಾಕಿ, ಆಗೊಮ್ಮೆ ಈಗೊಮ್ಮೆ ಒಂದು ಸೂಲು ಮರಿ ಮಾಡಿಸುವವನು. ಮೊದಲಿನಿಂದಲೂ ಪ್ರತಿ ಖರ್ಚನ್ನೂ ಪುಸ್ತಕದಲ್ಲಿ ಬರೆದಿಡುವ ಚಾಳಿ. ಆ ಪುಸ್ತಕ ತಿರುವಿ ಹಾಕಿದರೆ ಕಾಣುವುದಿಷ್ಟು: ಮರಿಯ ಬೆಲೆಯ ದೊಡ್ಡ ಪಾಲು ಮರಿ ಹುಟ್ಟುವ ಮೊದಲೇ ಖರ್ಚಾಗಿರುತ್ತದೆ. ಅದರಲ್ಲೂ ಗಣನೀಯ ಭಾಗ ಒಂದೇ ಒಂದು ಮರಿಯನ್ನೂ ಹಾಕದ ನಾಯಿಗಳ ಮೇಲೆ.

ಚುಕ್ಕಿಯ ಪುಟವನ್ನೇ ನೋಡೋಣ. ಒಳ್ಳೆಯ ವಂಶದ ಹೆಣ್ಣುಮರಿ. ನಡಿಗೆ ಚೆನ್ನ, ಸ್ವಭಾವ ಇನ್ನೂ ಚೆನ್ನ. ಅಪರಿಚಿತರಿಗೆ ಹೆದರುವವಳಲ್ಲ, ಸದ್ದಿಗೆ ಬೆಚ್ಚುವವಳಲ್ಲ. ಇವಳೇ ಮುಂದಿನ ತಾಯಿ ಎಂದುಕೊಂಡು ಸಾಕಿದೆ. ಆದರೆ ಸೊಂಟದ ಕೀಲಿನ ಅಂತಿಮ ಪ್ರಮಾಣಪತ್ರವನ್ನು, ನಾಯಿಗಳ ಕೀಲಿನ ಎಕ್ಸ್-ರೇ ಪರಿಶೀಲಿಸುವ ಅಮೆರಿಕದ ಓಎಫ್‌ಎ ಸಂಸ್ಥೆ 24 ತಿಂಗಳು ತುಂಬುವ ಮೊದಲು ಕೊಡುವುದಿಲ್ಲ. ಅಲ್ಲಿಯವರೆಗಿನ ಆಹಾರ, ಲಸಿಕೆ, ತರಬೇತಿ ಎಲ್ಲವೂ ಒಂದು ನಿರೀಕ್ಷೆಯ ಮೇಲೆ ಹಾಕಿದ ಹಣ. ಎರಡು ವರ್ಷ ತುಂಬಿದ ಮೇಲೆ ಎಕ್ಸ್-ರೇಗೆ ಕರೆದೊಯ್ದೆ. ಮಂಪರಿನ ಔಷಧಿ ಕೊಟ್ಟು, ಅಂಗಾತ ಮಲಗಿಸಿ, ಹಿಂಗಾಲುಗಳೆರಡನ್ನೂ ಸಮಾನಾಂತರವಾಗಿ ನೇರಕ್ಕೆ ಎಳೆದು ಹಿಡಿದು ಚಿತ್ರ ತೆಗೆಯುತ್ತಾರೆ. ತೊಡೆಮೂಳೆಯ ಉರುಟು ತುದಿ ಸೊಂಟದ ಬಟ್ಟಲಿನೊಳಗೆ ಆಳವಾಗಿ ಕೂತಿರಬೇಕು. ಚುಕ್ಕಿಯ ಬಲಗಡೆ ಸರಿಯಾಗಿತ್ತು. ಎಡಗಡೆಯಲ್ಲಿ ಬಟ್ಟಲು ಆಳವಿಲ್ಲದೆ ಮೂಳೆಯ ತುದಿ ಅರ್ಧಕ್ಕಿಂತ ಹೆಚ್ಚು ಹೊರಗೇ ಉಳಿದಿತ್ತು. ಪಶುವೈದ್ಯರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು, ಬೇರೇನೂ ಹೇಳುವ ಅಗತ್ಯವಿರಲಿಲ್ಲ.

ಅವಳು ಅಂದಿಗೂ ಕುಂಟುತ್ತಿರಲಿಲ್ಲ, ಇಂದಿಗೂ ಕುಂಟುವುದಿಲ್ಲ. ಸೊಂಟದ ಕೀಲು ಸರಿಯಾಗಿ ಕೂರದ ಈ ದೋಷದ, ಅಂದರೆ ಹಿಪ್ ಡಿಸ್ಪ್ಲೇಸಿಯಾದ ತೊಡಕು ಇದೇ. ಎಳೆಯ ವಯಸ್ಸಿನಲ್ಲಿ ಓಡಿಯಾಡುವ ನಾಯಿಯನ್ನು ನೋಡಿ ಏನೂ ಹೇಳಲಾಗದು. ಇದು ಹಲವು ವಂಶವಾಹಿಗಳ ಜೊತೆಗೆ ತೂಕ, ವ್ಯಾಯಾಮ, ಬೆಳೆಯುವ ವೇಗ ಎಲ್ಲ ಸೇರಿ ಬರುವ ದೋಷ. ಒಂದು ತೊಟ್ಟು ರಕ್ತ ಕಳಿಸಿ ತಿಳಿದುಕೊಳ್ಳುವಂಥದ್ದಲ್ಲ. ತಂದೆತಾಯಿಯರ ಕೀಲು ಚೆನ್ನಾಗಿದ್ದರೂ ಮರಿಗೆ ಬರಬಹುದು, ಆದರೆ ಬರುವ ಸಾಧ್ಯತೆ ಕಡಿಮೆ. ಆ ಕಡಿಮೆ ಮಾಡುವ ಕೆಲಸಕ್ಕೇ ನನ್ನ ಹಣ ಹೋಗುವುದು. ಚುಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ. ಈಗಲೂ ನಮ್ಮಲ್ಲೇ ಇದ್ದಾಳೆ, ಊಟದ ಹೊತ್ತಿಗೆ ಎಲ್ಲರಿಗಿಂತ ಮುಂದೆ. ಅವಳ ಪುಟದಲ್ಲಿ ಜಮೆಯ ಕಡೆ ಒಂದು ಸಾಲೂ ಇಲ್ಲ. ಆ ಖರ್ಚು ಹಂಚಿಹೋಗುವುದು ಬೇರೆ ತಾಯಿಯರ ಮರಿಗಳ ಬೆಲೆಯಲ್ಲಿ.

ಅರ್ಧ ಬೆಲೆಗೆ ಮಾರುವವನ ಪುಸ್ತಕದಲ್ಲಿ ಇಂತಹ ಪುಟ ಇರುವುದಿಲ್ಲ. ಎಕ್ಸ್-ರೇ ಹಣ ಉಳಿಯುತ್ತದೆ ಎನ್ನುವುದು ಸಣ್ಣ ವಿಷಯ. ಎಕ್ಸ್-ರೇ ತೆಗೆಸದವನ ಮನೆಯಲ್ಲಿ ಯಾವ ನಾಯಿಯೂ ಅನುತ್ತೀರ್ಣವಾಗುವುದೇ ಇಲ್ಲವಲ್ಲ, ದೊಡ್ಡ ಉಳಿತಾಯ ಅಲ್ಲಿರುವುದು. ಅಲ್ಲಿ ಚುಕ್ಕಿ ಒಂದೂವರೆ ವರ್ಷಕ್ಕೇ ತಾಯಿಯಾಗಿರುತ್ತಿದ್ದಳು.

ವಂಶವಾಹಿ ಪರೀಕ್ಷೆಗಳದ್ದು ಇಷ್ಟು ಕಠೋರವಾದ ಕಥೆಯಲ್ಲ. ಲ್ಯಾಬ್ರಡಾರ್‌ಗಳಲ್ಲಿ ಕ್ರಮೇಣ ಕುರುಡು ತರುವ ಪಿಆರ್‌ಎ, ಜೋರಾಗಿ ಓಡಿದಾಗ ಹಿಂಗಾಲು ಸೋತು ಕುಸಿಯುವಂತೆ ಮಾಡುವ ಇಐಸಿ, ಇವೆರಡಕ್ಕೂ ಪರೀಕ್ಷೆ ಇದೆ. ಇವು ಎರಡೂ ಕಡೆಯಿಂದ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥವು. ಒಂದು ಪ್ರತಿ ಮಾತ್ರ ಹೊತ್ತ ನಾಯಿಯನ್ನು ದೋಷವಿಲ್ಲದ ನಾಯಿಯೊಂದಿಗೆ ಕೂಡಿಸಿದರೆ ಯಾವ ಮರಿಗೂ ರೋಗ ಬರುವುದಿಲ್ಲ. ಹಾಗಾಗಿ ಒಳ್ಳೆಯ ನಾಯಿಯನ್ನು ಇದೊಂದೇ ಕಾರಣಕ್ಕೆ ಕೈಬಿಡಬೇಕಿಲ್ಲ, ಜೋಡಿ ನೋಡಿ ಮಾಡಿದರೆ ಸಾಕು. ಈ ಪರೀಕ್ಷೆಗಳು ಜೀವಮಾನಕ್ಕೆ ಒಮ್ಮೆ ಮಾಡಿಸಿದರೆ ಆಯಿತು. ಕಣ್ಣಿನ ತಪಾಸಣೆ ಹಾಗಲ್ಲ. ವಂಶವಾಹಿ ಪರೀಕ್ಷೆಗೆ ಸಿಗದ ಕಣ್ಣಿನ ದೋಷಗಳೂ ಇರುವುದರಿಂದ ಅದನ್ನು ವರ್ಷಕ್ಕೊಮ್ಮೆ ಮಾಡಿಸುತ್ತೇನೆ.

ನಂತರ ಗಂಡು ನಾಯಿಯ ಖರ್ಚು. ನಿಮ್ಮಲ್ಲೇ ಗಂಡು ಇದ್ದರೆ ಉಳಿಯುವುದಿಲ್ಲವೇ ಎಂದು ಕೇಳುತ್ತಾರೆ. ಉಳಿಯುತ್ತದೆ, ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಮನೆಯ ನಾಯಿಗಳೆಲ್ಲ ಹತ್ತಿರದ ನೆಂಟರಾಗಿರುತ್ತವೆ. ಅದಕ್ಕೇ ಹೊರಗಿನ ಗಂಡನ್ನು ಹುಡುಕುತ್ತೇನೆ, ಅದರ ಒಡೆಯರಿಗೆ ಶುಲ್ಕ ಕೊಡುತ್ತೇನೆ. ಕೂಡಿಸುವ ಮೊದಲು ಎರಡೂ ನಾಯಿಗಳಿಗೆ ಬ್ರೂಸೆಲ್ಲಾ ಪರೀಕ್ಷೆ ಆಗಲೇಬೇಕು. ಗಬ್ಬ ಕಳಚುವಂತೆ ಮಾಡುವ ಆ ಸೋಂಕು ಮನುಷ್ಯರಿಗೂ ಅಂಟುತ್ತದೆ. ಹೆಣ್ಣು ಬೆದೆಗೆ ಬಂದ ಮೇಲೆ ಸರಿಯಾದ ದಿನ ಹಿಡಿಯಲು ಪ್ರೊಜೆಸ್ಟರಾನ್ ಮಟ್ಟದ ರಕ್ತಪರೀಕ್ಷೆಯನ್ನು ದಿನ ಬಿಟ್ಟು ದಿನ ಮಾಡಿಸಬೇಕಾಗುತ್ತದೆ. ಇಷ್ಟೆಲ್ಲ ಮಾಡಿ, ಸುಮಾರು ಒಂದು ತಿಂಗಳಿಗೆ ಸ್ಕ್ಯಾನ್ ಮಾಡಿಸಿದಾಗ ಗಬ್ಬ ನಿಂತಿಲ್ಲ ಎಂದು ಗೊತ್ತಾದರೆ, ಅಷ್ಟೂ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮುಂದಿನ ಬೆದೆಗೆ ಆರು ತಿಂಗಳೋ ಇನ್ನೂ ಹೆಚ್ಚೋ ಕಾಯಬೇಕು.

ಗಬ್ಬ ನಿಂತರೆ ಸರಿಸುಮಾರು 63 ದಿನ. ಕೊನೆಯ ವಾರದಲ್ಲಿ ಇನ್ನೊಂದು ಎಕ್ಸ್-ರೇ ತೆಗೆಸಿ ಬೆನ್ನುಮೂಳೆಗಳನ್ನು ಎಣಿಸುತ್ತೇವೆ. ಎಷ್ಟು ಮರಿ ಎಂಬ ಕುತೂಹಲಕ್ಕಲ್ಲ. ಈಯುವ ರಾತ್ರಿ ಏಳು ಮರಿ ಹೊರಬಂದು ತಾಯಿ ಸುಮ್ಮನೆ ಮಲಗಿದರೆ, ಮುಗಿಯಿತೋ ಅಥವಾ ಎಂಟನೆಯದು ಸಿಕ್ಕಿಹಾಕಿಕೊಂಡಿದೆಯೋ ತಿಳಿಯಬೇಕಲ್ಲ. ಅರ್ಧ ಗಂಟೆ ಬಲವಾಗಿ ಮುಕ್ಕರಿದರೂ ಮರಿ ಬಾರದಿದ್ದರೆ ಪಶುವೈದ್ಯರ ಬಾಗಿಲು ತಟ್ಟಬೇಕು. ಸಿಸೇರಿಯನ್ ಆಯಿತೆಂದರೆ, ಅದೂ ಅಪರಾತ್ರಿಯಲ್ಲಿ, ಆ ಸೂಲಿನ ಲಾಭ ಅಲ್ಲಿಗೇ ಮುಗಿಯಿತು. ಇದಕ್ಕೆಂದೇ ಒಂದಷ್ಟು ಹಣ ಕೈಯಲ್ಲಿಟ್ಟುಕೊಳ್ಳದೆ ನಾನು ನಾಯಿಯನ್ನು ಕೂಡಿಸುವುದೇ ಇಲ್ಲ.

ಹುಟ್ಟಿದ ಮೇಲಿನ ಮೊದಲ ಎರಡು ವಾರ ಪುಸ್ತಕದಲ್ಲಿ ಕಾಣುವುದು ತೀರ ಕಡಿಮೆ: ವಿದ್ಯುತ್ ಬಿಲ್ಲು, ಹಾಸುವ ಬಟ್ಟೆ, ಮರಿಗಳ ಹಾಲಿನಪುಡಿಯ ಡಬ್ಬ. ಆದರೆ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇರುವುದಿಲ್ಲ. ಆಗ ತಾನೆ ಹುಟ್ಟಿದ ಮರಿಗೆ ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೊದಲ ವಾರ ಪೆಟ್ಟಿಗೆಯೊಳಗೆ 30 ಡಿಗ್ರಿಯ ಆಸುಪಾಸಿನ ಶಾಖ ಇರಬೇಕು, ಜೊತೆಗೆ ಸೆಕೆಯಾದ ತಾಯಿ ಸರಿದು ಮಲಗಲು ತಂಪಾದ ಮೂಲೆಯೂ ಬೇಕು. ಒಂದು ಮರಿ ಗುಂಪಿನಿಂದ ಉರುಳಿ ದೂರ ಬಿದ್ದಿದ್ದರೆ ಮುಟ್ಟಿದಾಗಲೇ ಗೊತ್ತಾಗುತ್ತದೆ. ಹೊಟ್ಟೆ ತಣ್ಣಗೆ, ಬಾಯಿಯೊಳಗೆ ಬೆರಳಿಟ್ಟರೆ ಅದೂ ತಣ್ಣಗೆ. ಹಸಿದಿದೆ ಎಂದು ಆಗ ಹಾಲು ಹಾಕಬಾರದು. ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ, ಹಾಕಿದ ಹಾಲು ಅಲ್ಲೇ ಕೊಳೆಯುತ್ತದೆ. ಅಂಗಿಯೊಳಗೆ ಮೈಗೆ ಒತ್ತಿ ಹಿಡಿದು, ನಿಧಾನವಾಗಿ ಬೆಚ್ಚಗೆ ಮಾಡಿ, ಅದು ತಾನಾಗಿ ಬಾಯಿ ಆಡಿಸಲು ಶುರು ಮಾಡಿದ ಮೇಲೆ ತಾಯಿಯ ಮೊಲೆಗೆ ಹಚ್ಚಬೇಕು. ಮೊದಲ ದಿನದ ಗಿಣ್ಣುಹಾಲು ಪ್ರತಿ ಮರಿಯ ಹೊಟ್ಟೆಗೂ ಇಳಿದಿದೆಯೇ ಎಂದು ನೋಡಿಕೊಳ್ಳುವುದು ಇನ್ನೊಂದು ಕೆಲಸ.

ಪ್ರತಿ ಮರಿಯ ಕುತ್ತಿಗೆಗೆ ಒಂದೊಂದು ಬಣ್ಣದ ದಾರ. ದಿನವೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ತೂಕ ಬರೆಯುತ್ತೇನೆ. ಏಳರಿಂದ ಹತ್ತು ದಿನಗಳಲ್ಲಿ ಹುಟ್ಟಿದ ತೂಕದ ಇಮ್ಮಡಿ ಆಗಬೇಕು. ಎರಡು ತೂಕಗಳ ನಡುವೆ ಅಂಕಿ ಏರದೆ ನಿಂತರೆ, ಮರಿ ನೋಡಲು ಎಷ್ಟೇ ದುಂಡಗಿದ್ದರೂ ಅದಕ್ಕೆ ಬೇರೆಯಾಗಿ ಹಾಲು ಕುಡಿಸುವ ಪಾಳಿ ಶುರು.

ಈ ದುಡಿಮೆಗೆ ನಾನು ಕೂಲಿ ಹಾಕಿಕೊಂಡಿಲ್ಲ. ಗಂಟೆಗೆ ಇಷ್ಟೆಂದು ಹಾಕಿದರೆ ನನ್ನ ಮರಿಯನ್ನು ನಾನೇ ಕೊಳ್ಳಲಾರೆ. ಸೂಲಿನಲ್ಲಿ ಮೂರೇ ಮರಿ ಹುಟ್ಟಿದರೂ, ಒಂಬತ್ತು ಹುಟ್ಟಿದರೂ ಬೆಲೆ ಬದಲಿಸುವುದಿಲ್ಲ. ಮೂರಾದರೆ ಕೈ ಕಚ್ಚುತ್ತದೆ. ಒಂಬತ್ತಾದರೆ ಹಿಂದಿನ ಹಳ್ಳ ತುಂಬುತ್ತದೆ.

ಮೂರನೆಯ ವಾರದಿಂದ ಹಣ ಮತ್ತೆ ಕಣ್ಣಿಗೆ ಕಾಣುವಂತೆ ಹರಿಯುತ್ತದೆ. ಹಾಲೂಡುವ ತಾಯಿ ಮಾಮೂಲಿಗಿಂತ ಎರಡು ಮೂರು ಪಟ್ಟು ತಿನ್ನುತ್ತಾಳೆ, ಮರಿಗಳೂ ಮೆತ್ತಗಿನ ಆಹಾರಕ್ಕೆ ಬಾಯಿ ಹಾಕುತ್ತವೆ. ದುಂಡುಹುಳುಗಳು ಬಸಿರಿನಲ್ಲೂ ಹಾಲಿನಲ್ಲೂ ತಾಯಿಯಿಂದಲೇ ಮರಿಗೆ ದಾಟುವುದರಿಂದ, ಎಷ್ಟು ಚೊಕ್ಕಟವಾಗಿ ಸಾಕಿದರೂ ಎರಡು ವಾರಕ್ಕೊಮ್ಮೆ ಜಂತುಹುಳುವಿನ ಔಷಧಿ ತಪ್ಪದು. ಆಮೇಲೆ ಮೊದಲ ಲಸಿಕೆ, ಹೃದಯದ ಬಡಿತ ಕೇಳಿ ನೋಡುವ ವೈದ್ಯರ ತಪಾಸಣೆ, ಚರ್ಮದಡಿ ಕೂರಿಸುವ 15 ಅಂಕಿಯ ಮೈಕ್ರೋಚಿಪ್. ಮರಿ ನೋಡಲು ಬಂದವರಿಗೆ ಚಪ್ಪಲಿ ಹೊರಗೇ ಬಿಡಿಸಿ, ಕೈ ತೊಳೆಸಿ ಒಳಗೆ ಬಿಡುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಅಟ್ಟೆಗೆ ಅಂಟಿ ಬಂದರೆ ಇಡೀ ಸೂಲೇ ಹೋಗಬಹುದು. ಅವರ ಸಿಟ್ಟು ಅಗ್ಗ.

ಎಂಟು ವಾರ ತುಂಬುವವರೆಗೆ ಮರಿ ಕೊಡುವುದಿಲ್ಲ. ಐದನೆಯ ವಾರಕ್ಕೇ ಕೊಟ್ಟುಬಿಟ್ಟರೆ ಅತಿ ಹೆಚ್ಚು ತಿನ್ನುವ ಮೂರು ವಾರಗಳ ಖರ್ಚು ಪೂರ್ತಿ ಉಳಿಯುತ್ತದೆ. ಅಗ್ಗದ ಮರಿಗಳು ಅಷ್ಟು ಎಳೆಯವಾಗಿರುವುದಕ್ಕೆ ಇದೂ ಒಂದು ಕಾರಣ. ಆದರೆ ಒಡಹುಟ್ಟುಗಳ ಜೊತೆ ಕಚ್ಚಾಡಿಯೇ ಮರಿ ಹಲ್ಲಿನ ಹದ ಕಲಿಯುವುದು. ಜನ, ಸದ್ದು, ನೆಲ, ಮೆಟ್ಟಿಲು ಯಾವುದಕ್ಕೂ ಅಳುಕದಂತೆ ಮನಸ್ಸು ತೆರೆದುಕೊಳ್ಳುವ ಕಾಲವೂ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗೆ. ಅದರ ಅರ್ಧ ಭಾಗ ನನ್ನ ಜವಾಬ್ದಾರಿ. ಹಾಗಾಗಿ ಮಿಕ್ಸರ್ ತಿರುಗುವ ಕೋಣೆಯ ಪಕ್ಕದಲ್ಲೇ ಮರಿಗಳ ಪೆಟ್ಟಿಗೆ ಇರುತ್ತದೆ.

ಗಂಡಿಗೊಂದು, ಹೆಣ್ಣಿಗೊಂದು, ಬಣ್ಣಕ್ಕೊಂದು ಬೆಲೆ ನನ್ನಲ್ಲಿ ಇಲ್ಲ. ಎಲ್ಲ ಮರಿಗಳಿಗೂ ಬಿದ್ದ ಖರ್ಚು ಒಂದೇ ಆದ್ದರಿಂದ ಬೆಲೆಯೂ ಒಂದೇ. "ಅಪರೂಪದ ಬೆಳ್ಳಿ ಬಣ್ಣದ ಲ್ಯಾಬ್ರಡಾರ್" ಎಂದು ದುಪ್ಪಟ್ಟು ಹೇಳುವವರಿದ್ದಾರೆ. ಬಣ್ಣ ತೆಳುವಾಗಿಸುವ ವಂಶವಾಹಿಯಿಂದ ಬರುವ ಆ ಬಣ್ಣದ ನಾಯಿಗಳಲ್ಲಿ ಕೂದಲು ಉದುರಿ ಚರ್ಮ ಕೆಡುವ ತೊಂದರೆ ಕಾಣಿಸಿಕೊಳ್ಳುವುದುಂಟು. ಹೆಚ್ಚು ಹಣ ಕೊಟ್ಟು ಚರ್ಮವೈದ್ಯರ ಖರ್ಚನ್ನೂ ಮನೆಗೆ ತಂದಂತೆ. ನೋಂದಣಿ ಪತ್ರಕ್ಕೆ ಬೇರೆ ದುಡ್ಡು ಕೇಳುವುದೂ ನನಗೆ ಸರಿ ಕಾಣುವುದಿಲ್ಲ. ಆ ಪತ್ರ ಹೇಳುವುದು ತಂದೆ ಯಾರು, ತಾಯಿ ಯಾರು ಎಂಬುದನ್ನು. ಅವುಗಳ ಆರೋಗ್ಯದ ಬಗ್ಗೆ ಅದು ಚಕಾರ ಎತ್ತುವುದಿಲ್ಲ.

ಹಾಗೆಂದು ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಮಾರುವವನು ಪ್ರಾಮಾಣಿಕ ಎಂದುಕೊಳ್ಳಬೇಡಿ. ನನ್ನಷ್ಟೇ ಬೆಲೆ ಹೇಳಿ, ಒಂದೂ ಪರೀಕ್ಷೆ ಮಾಡಿಸದವರನ್ನು ಕಂಡಿದ್ದೇನೆ. ಬೆಲೆಯ ಬದಲು ಕಾಗದ ಕೇಳಿ. "ವೈದ್ಯರು ನೋಡಿ ಚೆನ್ನಾಗಿದೆ ಎಂದಿದ್ದಾರೆ" ಎಂಬ ಉತ್ತರ ಕಾಗದವಲ್ಲ. ತಂದೆತಾಯಿ ಇಬ್ಬರ ಸೊಂಟ ಮತ್ತು ಮೊಣಕೈ ಕೀಲಿನ ಪ್ರಮಾಣಪತ್ರ ನೋಡಿ, ಅದರಲ್ಲಿರುವ ಮೈಕ್ರೋಚಿಪ್ ಸಂಖ್ಯೆ ಎದುರಿಗಿರುವ ನಾಯಿಯದ್ದೇ ಎಂದು ತಾಳೆ ಹಾಕಿ. ಓಎಫ್‌ಎ ಫಲಿತಾಂಶಗಳಾದರೆ ಅಂತರ್ಜಾಲದಲ್ಲೇ ಹುಡುಕಬಹುದು. ಮರಿಯ ವಿಡಿಯೋ ಮಾತ್ರ ಕಳಿಸಿ, ತಾಯಿಯನ್ನು ತೋರಿಸದೆ ಮುಂಗಡ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಬೆಲೆ ಭಾರವಾಗುತ್ತದೆ ಎನ್ನುವವರಿಗೆ ನಾನು ಚೌಕಾಸಿಗೆ ಕೂರುವುದಿಲ್ಲ, ಮುಂದಿನ ಖರ್ಚನ್ನು ಬಿಡಿಸಿ ಹೇಳುತ್ತೇನೆ. ತಾಯಿಯಿಂದ ಬಂದ ಪ್ರತಿರೋಧ ಶಕ್ತಿ ಲಸಿಕೆಗೇ ಅಡ್ಡಿ ಮಾಡುವುದರಿಂದ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಆಮೇಲೆ ರೇಬೀಸ್ ಲಸಿಕೆ, ಆಹಾರ, ಸಂತಾನಹರಣ. ಹತ್ತು ಹನ್ನೆರಡು ವರ್ಷದ ಈ ಖರ್ಚಿನ ಮುಂದೆ ಮರಿಯ ಬೆಲೆ ಸಣ್ಣ ಕಂತು. ಅದೂ ಆಗದು ಎಂದರೆ ಆಶ್ರಯಧಾಮದಿಂದ ಒಂದು ನಾಯಿಯನ್ನು ತನ್ನಿ ಎಂದೇ ಹೇಳುತ್ತೇನೆ. ತಳಿ ಬೇಕೇ ಬೇಕೆನ್ನುವವರಿಗೆ ಮರಿ ಹಾಕುವುದರಿಂದ ನಿವೃತ್ತಿಯಾದ ನಮ್ಮ ತಾಯಿನಾಯಿಗಳು ಕೆಲವೊಮ್ಮೆ ಹೆಸರಿಗಷ್ಟೇ ಎನ್ನುವ ಬೆಲೆಗೆ ಸಿಗುತ್ತವೆ.

ಬೆಲೆಯಲ್ಲಿ ಇನ್ನೂ ಒಂದು ಪಾಲು ಇದೆ, ಅದನ್ನು ಯಾರೂ ಊಹಿಸುವುದಿಲ್ಲ. ಯಾವ ವಯಸ್ಸಿನಲ್ಲೇ ಆಗಲಿ, ಯಾವ ಕಾರಣಕ್ಕೇ ಆಗಲಿ, ಸಾಕಲಾಗದಿದ್ದರೆ ನಾಯಿಯನ್ನು ನನಗೇ ಮರಳಿ ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳುತ್ತೇನೆ. ಬರೆಸಿಕೊಂಡ ಮೇಲೆ ತೆಗೆದುಕೊಳ್ಳಲು ಜಾಗವೂ ಹಣವೂ ಇರಬೇಕಲ್ಲ. ಪ್ರತಿ ಮರಿಯ ಹಣದಲ್ಲಿ ಸ್ವಲ್ಪ ತೆಗೆದು ಬೇರೆ ಖಾತೆಗೆ ಹಾಕುತ್ತೇನೆ. ಈಚೆಗೆ ಒಡೆಯರು ಹಾಸಿಗೆ ಹಿಡಿದಿದ್ದರಿಂದ ಆರು ವರ್ಷದ ಗಂಡು ನಾಯಿಯೊಂದು ವಾಪಸು ಬಂತು. ಮೈಯಲ್ಲಿ ಕೊಬ್ಬು, ಎರಡೂ ಕಿವಿಯಲ್ಲಿ ಸೋಂಕು. ಕಿವಿಯ ಔಷಧಿ, ರಕ್ತಪರೀಕ್ಷೆ, ತೂಕ ಇಳಿಸುವ ಆಹಾರ ಎಲ್ಲವೂ ಆ ಖಾತೆಯಿಂದಲೇ. ಅವನಿಗೆ ಹೊಸ ಮನೆ ಸಿಕ್ಕಿದೆ, ಆ ಮನೆಯವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಅದೇ ಒಪ್ಪಂದಕ್ಕೆ ಅವರಿಂದಲೂ ಸಹಿ ಹಾಕಿಸಿಕೊಂಡಿದ್ದೇನೆ.